ಹಿಂದಿನಿಂದ ಓದಿದರೂ ಅದೇ: ಕನ್ನಡದಲ್ಲಿ ಪಾಲಿಂಡ್ರೋಮ್ ಕಟ್ಟುವುದು ಹೇಗೆ?

"ಗುರು, ತಿರುಗು." ಈ ಎರಡು ಪದಗಳನ್ನು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಓದಿ. ಗು, ರು, ತಿ, ರು, ಗು. ಮತ್ತೆ ಅದೇ ಬಂತು, ಅಲ್ವಾ? ಇದೇ ಪಾಲಿಂಡ್ರೋಮ್. ಹಳೆಯ ಕಾವ್ಯಶಾಸ್ತ್ರದವರು ಇದನ್ನು ಗತಪ್ರತ್ಯಾಗತ ಎನ್ನುತ್ತಿದ್ದರು.

ಈ ಮಾತು ಬಂದ ಕೂಡಲೇ ಎಲ್ಲರೂ ಹೇಳುವ ಪದ ವಿಕಟಕವಿ. ತೆನಾಲಿ ರಾಮಕೃಷ್ಣನಿಗೆ ಕಾಳಿ ಕೊಟ್ಟ ಬಿರುದು ಎಂಬ ಕಥೆ ನೀವೂ ಕೇಳಿರುತ್ತೀರಿ. ಅದರ ಬೆನ್ನಿಗೆ ಕನಕ, ನಯನ, ಜಲಜ ಬರುತ್ತವೆ. ಅಲ್ಲಿಗೆ ಪಟ್ಟಿ ನಿಲ್ಲುತ್ತದೆ. ಪದ ಸರಿ, ಆದರೆ ಕನ್ನಡದಲ್ಲಿ ಪೂರ್ತಿ ವಾಕ್ಯ ಕಟ್ಟಲು ಪ್ರತ್ಯಯಗಳು ಬಿಡುವುದಿಲ್ಲ ಎಂದು ಹಲವರು ಕೈಬಿಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಪ್ರತ್ಯಯ ವಾಕ್ಯದ ಕೊನೆಯಲ್ಲಿ ಕೂತರೆ ಕಾಡುತ್ತದೆ, ನಿಜ. ಅದನ್ನೇ ನಡುವಿಗೆ ತಂದು ಕೂರಿಸಿದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಚೌಕದ ಗೆರೆಗಳಿರುವ ಹಾಳೆ, ಒಂದು ಪೆನ್ಸಿಲ್ ಸಾಕು. ಅಳಿಸುವ ರಬ್ಬರ್ ಮಾತ್ರ ದೊಡ್ಡದಿರಲಿ.

ಹೆಜ್ಜೆ 1: ಅಳತೆ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ಕನ್ನಡದಲ್ಲಿ ಅಳತೆ ಎಂದರೆ ಅಕ್ಷರ. ವ್ಯಂಜನ, ಅದರ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಅಕ್ಷರ. ಹಾಳೆಯಲ್ಲಿ ಒಂದು ಚೌಕಕ್ಕೆ ಒಂದೇ ಅಕ್ಷರ ಬರೆಯಿರಿ. ಬಲದಿಂದ ಎಡಕ್ಕೆ ಓದುವಾಗ ಚೌಕವನ್ನು ಒಡೆಯುವಂತಿಲ್ಲ. "ಸಮಾಸ" ಬರೆದರೆ ಸ, ಮಾ, ಸ. ಪಾಸ್. "ಸಾಹಸ" ಬರೆದರೆ ಸಾ, ಹ, ಸ. ಮೊದಲನೆಯದು ದೀರ್ಘ, ಕೊನೆಯದು ಹ್ರಸ್ವ. ಫೇಲ್. "ಕಾಯಕ" ಕೂಡ ಇದೇ ಕಾರಣಕ್ಕೆ ಬೀಳುತ್ತದೆ.

ಒತ್ತಕ್ಷರ ಪೂರ್ತಿ ಒಂದೇ ಚೌಕದಲ್ಲಿರುತ್ತದೆ. ಹಾಗಾಗಿ "ಮಧ್ಯಮ" ಪಾಸ್, ಏಕೆಂದರೆ ನಡುವಿನ ಧ್ಯ ಒಂದೇ ಅಕ್ಷರ. "ನರ್ತನ" ಕೂಡ ಪಾಸ್. ಅಲ್ಲಿ ರ್ತ ಒಂದೇ. ಪದಗಳ ನಡುವಿನ ಜಾಗ, ಅಲ್ಪವಿರಾಮ, ಪ್ರಶ್ನೆ ಚಿಹ್ನೆ ಇವೆಲ್ಲ ಲೆಕ್ಕಕ್ಕೆ ಇಲ್ಲ.

ಇದು ಈಗ ಕಂಡುಕೊಂಡ ನಿಯಮವಲ್ಲ. ಹಳೆಯ ಸಂಸ್ಕೃತ ಕವಿಗಳಾದ ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲೂ ಮಾಘನ ಶಿಶುಪಾಲವಧದ 19ನೇ ಸರ್ಗದಲ್ಲೂ ಸರ್ವತೋಭದ್ರ ಎಂಬ ಪದ್ಯಗಳಿವೆ. ಮಾಘನ ಪದ್ಯದ ಮೊದಲ ಪಾದ ಹೀಗಿದೆ: ಸಕಾರನಾನಾರಕಾಸ. ಚೌಕಕ್ಕೆ ಹಾಕಿ ನೋಡಿ: ಸ, ಕಾ, ರ, ನಾ, ನಾ, ರ, ಕಾ, ಸ. ಕಾ ಎದುರಿಗೆ ಕಾ, ರ ಎದುರಿಗೆ ರ. ನಾಲ್ಕು ಪಾದವನ್ನೂ ಒಂದರ ಕೆಳಗೆ ಒಂದು ಬರೆದು, ಅವುಗಳ ಕೆಳಗೆ ಅವನ್ನೇ ಕೊನೆಯ ಪಾದದಿಂದ ಮೊದಲನೆಯದಕ್ಕೆ ಮತ್ತೆ ಬರೆದರೆ ಮೇಲಿನಿಂದ ಕೆಳಕ್ಕೂ ಅದೇ ಪದ್ಯ ಸಿಗುತ್ತದೆ. ಯುದ್ಧದ ವರ್ಣನೆಯ ನಡುವೆ ಇಂಥ ಕಸರತ್ತು ಬೇಕಿತ್ತಾ ಎಂದು ಕೇಳಬಹುದು. ಪಳಗಿದ ಕೈ ಅಂತೂ ಹೌದು.

ಆ ಕವಿಗಳು ತಮಗೆ ಒಂದೆರಡು ರಿಯಾಯಿತಿಯನ್ನೂ ಕೊಟ್ಟುಕೊಂಡಿದ್ದರು. ಚಿತ್ರಕಾವ್ಯದಲ್ಲಿ, ಅಂದರೆ ಇಂಥ ಅಕ್ಷರಗಳ ಕಸರತ್ತಿನ ಕಾವ್ಯದಲ್ಲಿ, ಸೊನ್ನೆ ಮತ್ತು ವಿಸರ್ಗ ಇದ್ದರೂ ಇಲ್ಲದಿದ್ದರೂ ದೋಷವಲ್ಲ. ಬ ಮತ್ತು ವ, ಡ ಮತ್ತು ಲ ಒಂದೇ ಎಂದು ಹಿಡಿಯಬಹುದು. ಈ ರಿಯಾಯಿತಿ ತೆಗೆದುಕೊಂಡರೆ "ಸಂತಸ" ಪಾಸ್, ಇಲ್ಲದಿದ್ದರೆ ಫೇಲ್. ನೀವು ಯಾವ ನಿಯಮ ಹಿಡಿದರೂ ಸರಿ, ಆಟದ ನಡುವೆ ಬದಲಿಸಬೇಡಿ. ಕಲಿಯುವಾಗ ಕಟ್ಟುನಿಟ್ಟಿನ ನಿಯಮವೇ ಒಳ್ಳೆಯದು.

ಇನ್ನೊಂದು ದಾರಿ ಇದೆ. ಅಕ್ಷರವನ್ನೂ ಒಡೆದು ಬರೀ ಧ್ವನಿಗಳನ್ನು ತಿರುಗಿಸುವುದು. ಆಗ ನಯನ ಕೂಡ ನಿಲ್ಲುವುದಿಲ್ಲ. ನ್, ಅ, ಯ್, ಅ, ನ್, ಅ ಎಂಬುದು ತಿರುಗಿದರೆ ಅಕಾರದಿಂದ ಶುರುವಾಗುತ್ತದೆ. ಈ ಲೆಕ್ಕದಲ್ಲಿ ಗೆಲ್ಲುವುದು ಸ್ವರದಿಂದ ಶುರುವಾಗಿ ಅದೇ ಸ್ವರದಲ್ಲಿ ಮುಗಿಯುವ ಪದಗಳು. ಅಮ್ಮ ಎಂದರೆ ಅ, ಮ್, ಮ್, ಅ. ಅಪ್ಪ, ಅಕ್ಕ, ಅಣ್ಣ, ಅಜ್ಜ ಎಲ್ಲರೂ ಪಾಸ್! ಅಜ್ಜಿ, ಅತ್ತೆ ಮಾತ್ರ ಹೊರಗೆ. ಎಮ್ಮೆ, ಇಲ್ಲಿ, ಅಲ್ಲ ಕೂಡ ಈ ಗುಂಪಿಗೆ ಸೇರುತ್ತವೆ. ಮಜಾ ಇದೆ, ಆದರೆ ಈ ದಾರಿಯಲ್ಲಿ ವಾಕ್ಯ ಬೆಳೆಯುವುದು ಬಲು ಕಷ್ಟ. ಆದ್ದರಿಂದ ನಾವು ಅಕ್ಷರದ ದಾರಿಯಲ್ಲೇ ಹೋಗೋಣ.

ಬೇರೆ ಲಿಪಿಯ ಉದಾಹರಣೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ ಎಂದೂ ಇಲ್ಲೇ ಹೇಳಿಬಿಡುತ್ತೇನೆ. ಮಲಯಾಳಂ ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಪಾಲಿಂಡ್ರೋಮ್. ಕನ್ನಡದಲ್ಲಿ ಮ, ಲ, ಯಾ, ಳಂ. ಅಲ್ಲ. ವಿಕಟಕವಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಅದೂ ಉಳಿಯುವುದಿಲ್ಲ.

ಹೆಜ್ಜೆ 2: ಎರಡು ಪಟ್ಟಿ ಮಾಡಿ

ಮೊದಲ ಪಟ್ಟಿಯಲ್ಲಿ ತಾವೇ ಪಾಲಿಂಡ್ರೋಮ್ ಆಗಿರುವ ಪದಗಳು. ಕನಕ, ಜಲಜ, ನಮನ, ನವೀನ, ಸರಸ, ಕಟುಕ, ಕಿಟಕಿ, ಗದಗ. ಅಚ್ಚಗನ್ನಡದಲ್ಲಿ ಉಕಾರದ ಪದಗಳನ್ನು ಕೆದಕಿ. ಗುಡುಗು, ಕುಲುಕು, ಕುಟುಕು, ಗುನುಗು, ಕುರುಕು ಹೀಗೆ ಸಾಲಾಗಿ ಸಿಗುತ್ತವೆ.

ಎರಡನೇ ಪಟ್ಟಿಯೇ ನಿಜವಾದ ಬಂಡವಾಳ. ತಿರುಗಿಸಿದರೆ ಇನ್ನೊಂದು ಪದವಾಗುವ ಜೋಡಿಗಳು ಇಲ್ಲಿರುತ್ತವೆ:

ನದಿ – ದಿನ
ರಥ – ಥರ
ಗಜ – ಜಗ
ರಸ – ಸರ
ನವ – ವನ
ವರ – ರವ
ಯಮ – ಮಯ
ದಾಸ – ಸದಾ

ವಾಲ್ಮೀಕಿಯ ಕಥೆ ನೆನಪಿದೆಯಾ? "ಮರಾ ಮರಾ" ಎಂದು ಜಪಿಸುತ್ತಾ ಅದು "ರಾಮ ರಾಮ" ಆಯಿತು ಎನ್ನುತ್ತಾರೆ. ಅದೂ ಈ ಪಟ್ಟಿಯದೇ ಜೋಡಿ. ಆದರೆ ಗಮನಿಸಿ, ರಾಮ ತಿರುಗಿದರೆ ಸಿಗುವುದು ಮರಾ, ಮರ ಅಲ್ಲ. "ರಾಮನ ಮರ" ಎಂದು ಬರೆದು ಖುಷಿಪಟ್ಟರೆ ಆ ದೀರ್ಘ ಬಂದು ಕಾಲೆಳೆಯುತ್ತದೆ.

ಜೋಡಿ ಹುಡುಕುವಾಗ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಅಕಾರದಲ್ಲಿ ಮುಗಿಯುವ ಸಂಸ್ಕೃತ ಮೂಲದ ಪದಗಳು ಸಲೀಸಾಗಿ ತಿರುಗುತ್ತವೆ. ಅಚ್ಚಗನ್ನಡದ ಪದಗಳು ಹೆಚ್ಚಾಗಿ ಉ, ಎ, ಇ ಕಡೆಗೆ ಮುಗಿಯುವುದರಿಂದ ಮೊಂಡು ಹಿಡಿಯುತ್ತವೆ. ಮನೆ ತಿರುಗಿದರೆ ನೆಮ. ಮಗು ತಿರುಗಿದರೆ ಗುಮ. ತಲೆ ತಿರುಗಿದರೆ ಲೆತ. ಇವುಗಳ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ.

ಹೆಜ್ಜೆ 3: ಪ್ರತ್ಯಯವನ್ನು ನಡುವಿಗೆ ತನ್ನಿ

ಈಗ ಮುಖ್ಯ ವಿಷಯ. ಅಕ್ಷರಗಳ ಸಂಖ್ಯೆ ಬೆಸ ಆಗಿದ್ದರೆ ಸರಿಯಾಗಿ ನಡುವಿನ ಅಕ್ಷರಕ್ಕೆ ಜೋಡಿ ಬೇಡ. ಅದು ತನಗೆ ತಾನೇ ಜೋಡಿ. ಅಂದರೆ ಆ ಚೌಕದಲ್ಲಿ ಏನು ಬೇಕಾದರೂ ಇಡಬಹುದು. ಕನ್ನಡದ ಹಲವು ಪ್ರತ್ಯಯಗಳು ಒಂದೇ ಅಕ್ಷರ ಉದ್ದ. ದ, ಯ, ನ, ಗೆ, ಕ್ಕೆ, ವೂ, ವೇ. ಆ ಖಾಲಿ ಚೌಕ ಇವುಗಳಿಗೆಂದೇ ಇರುವಂತಿದೆ.

ಎರಡನೇ ಪಟ್ಟಿಯ ಒಂದು ಜೋಡಿ ತೆಗೆದುಕೊಳ್ಳಿ. ಮೊದಲ ಪದಕ್ಕೆ ಪ್ರತ್ಯಯ ಹಚ್ಚಿ, ಮುಂದೆ ಎರಡನೇ ಪದ ಬರೆಯಿರಿ. ಅಷ್ಟೇ.

ನದಿಯ ದಿನ.
ದಿನದ ನದಿ.
ದಿನವೂ ನದಿ.
ಜಗದ ಗಜ.
ಗಜದ ಜಗ.
ರಥದ ಥರ.

ಕೊನೆಯದನ್ನು ಇನ್ನೊಮ್ಮೆ ಓದಿ. ರ, ಥ, ದ, ಥ, ರ. ಇದು ಎಷ್ಟು ಸಹಜ ಎಂದರೆ ಮಾತಿನ ನಡುವೆ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. "ಬಸ್ಸು ರಥದ ಥರ ಬಂತು" ಎಂದು ಎಷ್ಟೋ ಸಲ ಹೇಳಿರುತ್ತೇವೆ, ಒಳಗೊಂದು ಪಾಲಿಂಡ್ರೋಮ್ ಕೂತಿದ್ದು ಕಾಣುವುದಿಲ್ಲ. ನನಗೆ ಇಂಥವೇ ಇಷ್ಟ. ಕಟ್ಟಿದ ಗುರುತು ಕಾಣಬಾರದು.

ಪ್ರತ್ಯಯ ಎರಡು ಅಕ್ಷರದ್ದಾದರೆ ಈ ಉಪಾಯ ನಡೆಯುವುದಿಲ್ಲ. "ದಿನದಲ್ಲಿ ನದಿ" ಬರೆದರೆ ನಡುವೆ ದ, ಲ್ಲಿ ಎರಡೂ ಬಂದು ಒಂದನ್ನೊಂದು ಗುದ್ದುತ್ತವೆ. "ದಿನಕ್ಕೆ ನದಿ" ನಡೆಯುತ್ತದೆ, ಏಕೆಂದರೆ ಕ್ಕೆ ಒಂದೇ ಅಕ್ಷರ.

ಪ್ರತ್ಯಯವೇ ಇಲ್ಲದೆ ಜೋಡಿಯನ್ನು ಅಂಟಿಸಿದರೆ ಸಮಸಂಖ್ಯೆಯ ಪಾಲಿಂಡ್ರೋಮ್ ಸಿಗುತ್ತದೆ. ನವ ವನ, ಯಮಮಯ, ದಾಸ ಸದಾ. ಇವು ಚೆನ್ನಾಗಿದ್ದರೂ ನಡುವೆ ಒಂದೇ ಅಕ್ಷರ ಎರಡು ಸಲ ಬರುವುದರಿಂದ ಗುಟ್ಟು ಬೇಗ ರಟ್ಟಾಗುತ್ತದೆ.

ಹೆಜ್ಜೆ 4: ಚೌಕಟ್ಟು ಹಾಗೇ ಇರಲಿ, ನಡುವನ್ನು ಬದಲಿಸಿ

"ನವ" ಮತ್ತು "ವನ" ಎರಡು ತುದಿಗೆ ಇಟ್ಟು ನಡುವೆ ಒಂದು ಚೌಕ ಖಾಲಿ ಬಿಡಿ. ಈಗ "ವನ" ಎಂದು ಮುಗಿಯುವ ಮೂರಕ್ಷರದ ಪದ ಯಾವುದಿದ್ದರೂ ಅಲ್ಲಿ ಕೂರುತ್ತದೆ. ನವ ಕವನ. ನವ ಭವನ. ನವ ಪವನ. ನವ ಜೀವನ. ನವ ಯೌವನ. ಐದಕ್ಕೈದೂ ಪಾಲಿಂಡ್ರೋಮ್, ಐದಕ್ಕೂ ಅರ್ಥವಿದೆ. ಒಂದು ಚೌಕಟ್ಟು ಸಿಕ್ಕರೆ ಹೀಗೆ ಸಾಲುಸಾಲು ಹುಟ್ಟುತ್ತವೆ.

ನಡುವೆ ಒಂದೇ ಅಕ್ಷರ ಇರಬೇಕೆಂದೂ ಇಲ್ಲ. ಅಲ್ಲಿ ಇನ್ನೊಂದು ಪಾಲಿಂಡ್ರೋಮ್ ಪದವನ್ನೇ ಇಡಬಹುದು. ಮೊದಲ ಪಟ್ಟಿ ಬೇಕಾಗುವುದು ಈಗಲೇ. ನವ ಮತ್ತು ವನದ ನಡುವೆ ಜಲಜ ಇಟ್ಟರೆ "ನವ ಜಲಜ ವನ".

ಇನ್ನೊಂದು ಚೌಕಟ್ಟು ನೋಡಿ: ಸದಾ, ದಾಸ. ನಡುವೆ ನಾ ಇಟ್ಟರೆ "ಸದಾ ನಾ ದಾಸ". ಕೀರ್ತನೆಯ ಸಾಲಿನಂತೆ ಕೇಳುತ್ತದೆ, ಅಲ್ವಾ? ಈಗ ನಾ ತೆಗೆದು ಕನಕ ಇಡಿ.

ಸದಾ ಕನಕದಾಸ.

ಸ, ದಾ, ಕ, ನ, ಕ, ದಾ, ಸ. ಏಳು ಅಕ್ಷರ, ಒಂದೂ ಅತ್ತಿತ್ತ ಆಗಿಲ್ಲ. ಕನಕ ಪಾಲಿಂಡ್ರೋಮ್ ಎಂದು ಎಲ್ಲರಿಗೂ ಗ್ಯಾನವಿದೆ. ಪಕ್ಕದ ದಾಸನನ್ನು ಎದುರಿಗೆ ಒಂದು "ಸದಾ" ಇಟ್ಟು ಸರಿದೂಗಿಸಬಹುದು ಎಂಬುದಷ್ಟೇ ಹೊಳೆಯಬೇಕು.

ಕೂದಲೆಳೆಯಲ್ಲಿ ತಪ್ಪುವವೂ ಇವೆ. "ನವ ನಂದನವನ" ಎಷ್ಟು ಚೆಂದದ ಮಾತು! ನ, ವ, ನಂ, ದ, ನ, ವ, ನ. ಆ ಒಂದು ಸೊನ್ನೆ ಅಡ್ಡಿ. ಕಟ್ಟುನಿಟ್ಟಿನ ನಿಯಮದಲ್ಲಿ ಫೇಲ್, ಹಳೆಯ ಚಿತ್ರಕಾವ್ಯದ ರಿಯಾಯಿತಿಯಲ್ಲಿ ಪಾಸ್. ಇದೊಂದಕ್ಕಾಗಿ ಆ ರಿಯಾಯಿತಿ ತೆಗೆದುಕೊಳ್ಳಲು ನನಗೂ ಆಸೆಯಾಗುತ್ತದೆ.

ಹೆಜ್ಜೆ 5: ವಾಕ್ಯವನ್ನು ಕೊನೆಯಿಂದ ಶುರು ಮಾಡಿ

ಇಲ್ಲಿಯವರೆಗೆ ಬಂದದ್ದು ಪದಗುಚ್ಛ. ಪೂರ್ತಿ ವಾಕ್ಯಕ್ಕೆ ಕ್ರಿಯಾಪದ ಬೇಕು. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ. ಕೊನೆಯ ಅಕ್ಷರವೇ ಮೊದಲ ಅಕ್ಷರವೂ ಆಗಬೇಕು. ಆದ್ದರಿಂದ ಮೊದಲಿನಿಂದ ಬರೆಯುತ್ತಾ ಹೋದರೆ ಗೋಡೆಗೆ ಹಾಯುವುದು ಖಂಡಿತ.

ಮೊದಲು ಬೇಡದ್ದನ್ನು ತೆಗೆದುಹಾಕಿ. ಳ ಮತ್ತು ಣ ಇಂದ ಕನ್ನಡದಲ್ಲಿ ಪದ ಶುರುವಾಗುವುದಿಲ್ಲ. ಹಾಗಾಗಿ ಬಂದಳು, ಹೇಳು, ಕೇಳು, ಹಣ ಇವು ಕೊನೆಯಲ್ಲಿ ನಿಲ್ಲಲಾರವು. ಒಳಗೆಲ್ಲೋ ಇದ್ದರೆ ತೊಂದರೆಯಿಲ್ಲ. "ತ್ತಾನೆ", "ತ್ತಾಳೆ" ಎಂದು ಮುಗಿಯುವುದನ್ನೂ ಬಿಡಿ. ನೆತ್ತಾ ಎಂದು ಶುರುವಾಗುವ ಪದ ಎಲ್ಲಿಂದ ತರುತ್ತೀರಿ?

ಉಳಿಯುವುದು ಮೂರು ದಾರಿ. ಕ್ರಿಯಾಪದವೇ ಇಲ್ಲದ ವಾಕ್ಯ, ಆಜ್ಞೆಯ ರೂಪ, ಮತ್ತು "ಬೇಕು". ಮೊದಲನೆಯದು ಆಗಲೇ ಬಂತು: ಸದಾ ನಾ ದಾಸ.

ಆಜ್ಞೆಯ ರೂಪಕ್ಕೆ "ಮಾರು" ತೆಗೆದುಕೊಳ್ಳಿ. ತಿರುಗಿದರೆ ರುಮಾ. ರುಮಾ ಎಂದು ಶುರುವಾಗುವ ಪದ? ರುಮಾಲು! ಹಾಗಾದರೆ "ರುಮಾಲು ಮಾರು". ರು, ಮಾ, ಲು, ಮಾ, ರು. ಲು ತಾನಾಗಿ ನಡುವಿಗೆ ಬಂತು. "ಗುರು, ತಿರುಗು" ಹುಟ್ಟಿದ್ದೂ ಹೀಗೇ. "ರುಗು" ಎಂದು ಮುಗಿಯುವ ಕ್ರಿಯಾಪದ ಸಿಕ್ಕರೆ ಎದುರಿಗೆ ಗುರು ಬಂದು ನಿಲ್ಲುತ್ತಾನೆ.

ಬಾ, ತಾ ಎಂಬ ಒಂದಕ್ಷರದ ಆಜ್ಞೆಗಳು ಇನ್ನೂ ಸುಲಭ. ಎರಡೂ ತುದಿಗೆ ಇಟ್ಟು ನಡುವೆ ಪಾಲಿಂಡ್ರೋಮ್ ಪದ ಸೇರಿಸಿ. ತಾ, ಕನಕ ತಾ. ಬಾ, ಜಲಜ, ಬಾ. ಇದು ಸ್ವಲ್ಪ ಮೋಸದ ಆಟ ಅನಿಸುತ್ತದೆ, ಆದರೆ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯದಿಲ್ಲ.

"ಬೇಕು" ಮಾತ್ರ ನಿಜವಾದ ಗಣಿ. ತಿರುಗಿದರೆ ಕುಬೇ. ತಕ್ಷಣ ಹೊಳೆಯುವ ಪದ ಕುಬೇರ. ಕುಬೇರ ಮೊದಲಿದ್ದರೆ ಕೊನೆಯಲ್ಲಿ "ರಬೇಕು" ಇರಲೇಬೇಕು. ಕನ್ನಡದಲ್ಲಿ ಅದಕ್ಕೆ ಬರವೇ? ತರಬೇಕು, ಬರಬೇಕು, ಸೇರಬೇಕು, ಹಾರಬೇಕು, ಮಾರಬೇಕು. ಎಲ್ಲದರಲ್ಲೂ ರಬೇಕು ಹಿಂದೆ ಒಂದೇ ಅಕ್ಷರ ಉಳಿಯುತ್ತದೆ, ಅದು ನಡುವಿನ ಚೌಕಕ್ಕೆ ಹೋಗುತ್ತದೆ.

ಕುಬೇರ ತರಬೇಕು.
ಕುಬೇರ ಬರಬೇಕು.
ಕುಬೇರ ಹಾರಬೇಕು.

"ಕುಬೇರ ನಾರಬೇಕು" ಕೂಡ ನಿಯಮದ ಪ್ರಕಾರ ಸರಿ. ಪಾಪ, ಯಾಕೆ ಎಂದು ಕೇಳಬೇಡಿ.

ಹೆಜ್ಜೆ 6: ಸಂಧಿಯನ್ನು ಕೆಲಸಕ್ಕೆ ಹಚ್ಚಿ

ಸ್ವರದಿಂದ ಶುರುವಾಗುವ ಪದಗಳು ಈ ಆಟಕ್ಕೆ ದೊಡ್ಡ ತಲೆನೋವು. ಇದು, ಅದು, ಏನು, ಇರು, ಆಗು. ಒಂದು ಬಿಡಿ ಸ್ವರ ಬಂದರೆ ಎದುರಿಗೂ ಅದೇ ಬಿಡಿ ಸ್ವರ ಬೇಕು. ಇದಕ್ಕೆ ಮದ್ದು ಸಂಧಿ. ಹಿಂದಿನ ಪದದ ವ್ಯಂಜನಕ್ಕೆ ಆ ಸ್ವರವನ್ನು ಸೇರಿಸಿಬಿಟ್ಟರೆ ಅದು ಮಾಮೂಲಿ ಗುಣಿತಾಕ್ಷರವಾಗಿ ಹೋಗುತ್ತದೆ.

ಕುಬೇರನನ್ನೇ ಮುಂದುವರಿಸೋಣ. "ಇರಬೇಕು" ಎಂದು ಮುಗಿಸಬೇಕು ಅಂದುಕೊಳ್ಳಿ. ಬಿಡಿ ಇ ಬೇಡ. ಅದರ ಹಿಂದೆ "ಏನು" ಬಂದರೆ "ಏನಿರಬೇಕು". ಈಗ ಕೊನೆಯಿಂದ ಓದಿದರೆ ಕು, ಬೇ, ರ, ನಿ. ಅಂದರೆ ಮೊದಲಿಗೆ "ಕುಬೇರನಿ" ಬೇಕು. ಕುಬೇರನಿಗೆ! ನಡುವೆ ಉಳಿದದ್ದು ಗೆ ಮತ್ತು ಏ. ಎರಡೂ ಸೇರಿ ಗೇ.

ಕುಬೇರನಿಗೇನಿರಬೇಕು?

ಕು, ಬೇ, ರ, ನಿ, ಗೇ, ನಿ, ರ, ಬೇ, ಕು. ಒಂಬತ್ತು ಅಕ್ಷರದ ಪೂರ್ತಿ ಪ್ರಶ್ನೆ, ವ್ಯಾಕರಣಕ್ಕೂ ಸರಿ, ಅರ್ಥಕ್ಕೂ ಸರಿ. ಮತ್ತೆ ನೋಡಿ, ಸರಿಯಾಗಿ ನಡುವೆ ಕೂತಿರುವುದು ಚತುರ್ಥಿಯ ಗೆ ಪ್ರತ್ಯಯವೇ.

ಹೆಜ್ಜೆ 7: ಬೆಳೆಸಿ, ಆದರೆ ಎಳೆಯಬೇಡಿ

ಇರುವ ಪಾಲಿಂಡ್ರೋಮಿನ ಎರಡೂ ಬದಿಗೆ ಒಂದು ಜೋಡಿ ಸೇರಿಸಿದರೆ ಅದು ದೊಡ್ಡದಾಗುತ್ತದೆ. "ನದಿಯ ದಿನ" ಇದೆ. ಎಡಕ್ಕೆ ನವ, ಬಲಕ್ಕೆ ವನ. "ನವ ನದಿಯ ದಿನ ವನ." ಲೆಕ್ಕ ಸರಿ, ಅರ್ಥ ಸತ್ತಿತು. ಹೀಗೆ ಎಷ್ಟು ಬೇಕಾದರೂ ಉದ್ದ ಮಾಡಬಹುದು, ಓದುವವರು ಯಾರೂ ಇರುವುದಿಲ್ಲ. ಐದರಿಂದ ಒಂಬತ್ತು ಅಕ್ಷರದೊಳಗೆ ಅರ್ಥ ನಿಲ್ಲುವಂತಿದ್ದರೆ ಅಲ್ಲೇ ನಿಲ್ಲಿಸಿ.

ಉದ್ದಕ್ಕಿಂತ ವಿರಾಮಚಿಹ್ನೆ ಹೆಚ್ಚು ಸಹಾಯ ಮಾಡುತ್ತದೆ. "ಸರ ವಿರಸ" ಎಂದರೆ ಏನೂ ತಿಳಿಯುವುದಿಲ್ಲ. "ಸರ? ವಿರಸ!" ಎಂದರೆ ಒಂದು ಮನೆಯ ಜಗಳವೇ ಕಾಣುತ್ತದೆ.

ಹೆಜ್ಜೆ 8: ಪರೀಕ್ಷೆ

ಎರಡು ಬೆರಳು ಸಾಕು. ಒಂದನ್ನು ಮೊದಲ ಚೌಕದ ಮೇಲೆ, ಇನ್ನೊಂದನ್ನು ಕೊನೆಯ ಚೌಕದ ಮೇಲೆ ಇಟ್ಟು, ಎರಡೂ ಒಂದೇ ಇದ್ದರೆ ಒಂದೊಂದು ಹೆಜ್ಜೆ ಒಳಗೆ ತನ್ನಿ. ರ–ರು, ನ–ಣ, ದ–ಧ, ಲ–ಳ ಇಲ್ಲಿ ಕಣ್ಣು ಮೋಸ ಹೋಗುತ್ತದೆ. "ಗುರು ಬೆರಗು" ಓದುವಾಗ ಸರಿ ಎನಿಸುತ್ತದೆ, ಆದರೆ ರು ಎದುರಿಗೆ ರ ಇದೆ.

ಕಂಪ್ಯೂಟರಿಗೆ ಕೊಟ್ಟರೆ ಹುಷಾರು. ಕಂಪ್ಯೂಟರ್ ಲಿಪಿಗಳನ್ನು ಬರೆದಿಡುವ ಯೂನಿಕೋಡ್ ಸಂಕೇತಗಳಲ್ಲಿ ವ ಬೇರೆ, ಅದರ ಗುಡಿಸು ಬೇರೆ. ಸುಮ್ನೆ ಈ ಸಂಕೇತಗಳ ಸಾಲನ್ನು ತಿರುಗಿಸುವ ಪ್ರೋಗ್ರಾಮಿಗೆ ವಿಕಟಕವಿ ಹಾಕಿದರೆ ಗುಡಿಸು ಮೊದಲು ಬಂದು, ಆಮೇಲೆ ವ ಬಂದು, "ಇದು ಪಾಲಿಂಡ್ರೋಮ್ ಅಲ್ಲ" ಎಂಬ ಉತ್ತರ ಬರುತ್ತದೆ. ಪ್ರೋಗ್ರಾಮ್ ಬರೆಯುವವರು ಮೊದಲು ಪಠ್ಯವನ್ನು ಅಕ್ಷರಗಳಾಗಿ ಕತ್ತರಿಸಿ, ಆ ಪಟ್ಟಿಯನ್ನು ತಿರುಗಿಸಬೇಕು. ಒತ್ತಕ್ಷರ ಎರಡು ತುಂಡಾಗದಂತೆ ನೋಡಿಕೊಳ್ಳಬೇಕು. ನರ್ತನ ಹಾಕಿ ನೋಡಿದರೆ ಕತ್ತರಿ ಸರಿಯಾಗಿದೆಯೇ ಎಂದು ಗೊತ್ತಾಗುತ್ತದೆ.

ಇದೇ ಜಾತಿಯ ಬೇರೆ ಆಟಗಳು

ಅಕ್ಷರದ ಬದಲು ಪದವನ್ನೇ ಅಳತೆ ಮಾಡಿಕೊಳ್ಳಬಹುದು. "ಹಾಡು ಮರೆತರೆ ಮಾತು, ಮಾತು ಮರೆತರೆ ಹಾಡು." ಪದಪದವಾಗಿ ಹಿಂದಿನಿಂದ ಓದಿ, ಅದೇ ಬರುತ್ತದೆ. ಇದು ಸುಲಭ, ಕವಿತೆಗೂ ಒಗ್ಗುತ್ತದೆ.

ಅಂಕಿಗಳಲ್ಲಿ 22-02-2022 ಅಂಥ ದಿನವಾಗಿತ್ತು. ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಎಂಟು ಅಂಕಿ ಬರೆದರೆ ಅದರ ನಂತರದ್ದು 03-02-2030.

ಎಲ್ಲಕ್ಕಿಂತ ಕಷ್ಟದ್ದು ವಿಲೋಮಕಾವ್ಯ. ಮುಂದಿನಿಂದ ಓದಿದರೆ ಒಂದು ಅರ್ಥ, ಹಿಂದಿನಿಂದ ಓದಿದರೆ ಬೇರೆಯೇ ಅರ್ಥ. 17ನೇ ಶತಮಾನದ ವೆಂಕಟಾಧ್ವರಿ ಬರೆದ ರಾಘವಯಾದವೀಯ ಎಂಬ ಸಂಸ್ಕೃತ ಕಾವ್ಯದಲ್ಲಿ 30 ಶ್ಲೋಕಗಳಿವೆ. ಮುಂದಿನಿಂದ ರಾಮನ ಕಥೆ, ಹಿಂದಿನಿಂದ ಕೃಷ್ಣನ ಕಥೆ. ನಮ್ಮ ಎರಡನೇ ಪಟ್ಟಿಯ ನದಿ–ದಿನ ಅದೇ ದಾರಿಯ ಮೊದಲ ಮೆಟ್ಟಿಲು.

ಕೈ ಪಳಗಿಸಲು

ಕೆಳಗಿನ ಚೌಕಟ್ಟುಗಳನ್ನು ತುಂಬಿ. ಖಾಲಿ ಜಾಗದಲ್ಲಿ ಒಂದೇ ಅಕ್ಷರ ಬರಬೇಕು.

ಸರ _ ರಸ
ವರ _ ರವ
ಗುರು _ ರುಗು
ಕುಬೇರ _ ರಬೇಕು

ಮೊದಲನೆಯದಕ್ಕೆ "ಸರಳ ರಸ", ಎರಡನೆಯದಕ್ಕೆ "ವರನ ರವ", ಮೂರನೆಯದಕ್ಕೆ "ಗುರು, ಮರುಗು" ಆಗುತ್ತವೆ. ಕೊನೆಯದಕ್ಕೆ ಮೇಲೆ ಹೇಳದೇ ಬಿಟ್ಟ ಕ್ರಿಯಾಪದಗಳು ಇನ್ನೂ ಇವೆ. ಅವು ಮುಗಿದ ಮೇಲೆ "ಸದಾ" ಮತ್ತು "ದಾಸ" ನಡುವೆ ಕನಕ ಬಿಟ್ಟು ಬೇರೆ ಯಾರನ್ನು ಕೂರಿಸಬಹುದು, ನೋಡಿ.